ನಾಲ್ಕನೇ ಜ್ವರದ ಕ್ಲಾಸು

ಹೋದ ತಿಂಗಳು ನಮ್ಮ ಮನೆಗೆ ಇಬ್ಬರು ಬಂದಿದ್ದರು. ಒಬ್ಬ ನನ್ನ ಹಳೇ ಶಿಷ್ಯ, ಈಗ ತಾನೂ ಹೈಸ್ಕೂಲು ಮೇಷ್ಟ್ರು. ಇನ್ನೊಬ್ಬರು ಮೇಷ್ಟ್ರುಗಳಿಗೆ ತರಬೇತಿ ಕೊಡಿಸೋರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಎರಡು ದಿನದ ಶಿಬಿರ ಇದೆ, ನೀವು ಬಂದು ಮಾತಾಡಬೇಕು ಅಂದರು. ವಿಷಯವನ್ನ ಅಚ್ಚು ಹಾಕಿಸಿಕೊಂಡೇ ಬಂದಿದ್ದರು: "ಶಿಕ್ಷಕರಲ್ಲಿ ಸ್ವಯಂಪ್ರೇರಣೆ ಮೂಡಿಸುವ ವಿಧಾನಗಳು". ಸ್ವಯಂ ಅಂದಮೇಲೆ ಅದನ್ನ ಇನ್ನೊಬ್ಬರು ಮೂಡಿಸೋದು ಹೇಗಪ್ಪ ಅಂತ ಕೇಳಿದೆ. ತರಬೇತಿಯವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

"ಅದೆಲ್ಲ ಬಿಡಿ ಮಿಸ್, ಆ ಎರಡು ಪದದ ಉತ್ತರದ ಕಥೆ ಹೇಳ್ಬಿಡಿ ಸಾಕು. ಎಲ್ರೂ ಬಿದ್ದು ಬಿದ್ದು ನಗ್ತಾರೆ" ಅಂದ ಶಿಷ್ಯ.

ನಿಜ, ನಗ್ತಾರೆ. ಆ ಕಥೆಯನ್ನ ಎಷ್ಟೋ ಮದುವೆ ಮನೆಗಳಲ್ಲಿ, ಎಷ್ಟೋ ಜನರ ನಿವೃತ್ತಿಯ ಊಟದಲ್ಲಿ ಹೇಳಿದ್ದೀನಿ. ಕೇಳಿದವರು ಹೊಟ್ಟೆ ಹಿಡ್ಕೊಂಡು ನಕ್ಕು, ಎಲೆ ಮುಂದಿನ ಪಾಯಸ ಮರೆತಿದ್ದಾರೆ. ಆದರೆ ಯಾವತ್ತೂ ಅರ್ಧಕ್ಕೇ ನಿಲ್ಲಿಸಿದ್ದೀನಿ. ಶಿಬಿರಕ್ಕೆ ಬರಲ್ಲ ಅಂದೆ. ಅದರ ಬದಲು ಇಲ್ಲಿ ಕೂತು ಬರೀತಿದ್ದೀನಿ, ಈ ಸಲ ಪೂರ್ತಿ.

ನಾನು ಸುಶೀಲಮ್ಮ, ಗಣಿತದ ಟೀಚರು. ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ, ಎಲ್ಲ ಕಡೆ ಚಾಕ್‌ಪೀಸು ಸವೆಸಿದ್ದೀನಿ. ಆದರೆ ಹೇಳಬೇಕಾದ್ದೆಲ್ಲ ನಡೆದದ್ದು ಸಾದಲಿ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ. ಊರಿನ ಹೆಸರು ಬೇಡ, ಕಥೆಯಲ್ಲಿ ಬರೋ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಎಂಬತ್ತರ ದಶಕದ ಮೊದಲಲ್ಲಿ ನನ್ನನ್ನ ಅಲ್ಲಿಗೆ ಹಾಕಿದರು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರು ಪೇಟೆಯಲ್ಲಿ. ರೇಷ್ಮೆ ಅಂದರೆ ಸೀರೆ ಅಂತ ತಿಳಿದಿದ್ದವಳು. ಅದು ಹುಳದಿಂದ ಬರುತ್ತೆ ಅಂತ ಪುಸ್ತಕದಲ್ಲಿ ಓದಿದ್ದೆ ಅನ್ನಿ. ಆ ಹುಳ ಮನೆಯ ನಡುಮನೆಯಲ್ಲೇ ಠಿಕಾಣಿ ಹೂಡಿ, ಮನುಷ್ಯರನ್ನ ಜಗಲಿಗೆ ಓಡಿಸುತ್ತೆ ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ.

ಸೇರಿದ ಎರಡನೇ ತಿಂಗಳು ಒಂಬತ್ತನೇ ಕ್ಲಾಸಿನ ಆಂಜಿನಮ್ಮ ಅನ್ನೋ ಹುಡುಗಿಯಿಂದ ರಜಾಚೀಟಿ ಬಂತು. "ನಮ್ಮ ಮನೆಯಲ್ಲಿ ನಾಲ್ಕನೇ ಜ್ವರ ಎದ್ದಿರುವುದರಿಂದ ಎಂಟು ದಿನ ರಜಾ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ." ಒಂದೇ ಮನೆಯಲ್ಲಿ ನಾಲ್ಕನೇ ಜ್ವರ ಅಂದರೆ ಟೈಫಾಯಿಡೋ ಏನೋ. ಸ್ಟಾಫ್ ರೂಮಿನಲ್ಲಿ ಕೂತಿದ್ದ ಹಿಂದಿ ಮೇಷ್ಟ್ರು ಅಮೀರ್ ಜಾನ್ ಅವರಿಗೆ ಚೀಟಿ ತೋರಿಸಿದೆ. ಅವರು ಅದೇ ಊರಿನಲ್ಲಿ ವಾಸ, ಎಲ್ಲ ಗೊತ್ತಿದ್ದವರು. ಆ ಮಹಾನುಭಾವರು ಗಡ್ಡ ನೀವಿಕೊಂಡು, "ಪಾಪ, ಹೋಗಿ ನೋಡ್ಕೊಂಡು ಬನ್ನಿ ಮೇಡಂ" ಅಂದರು. ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ.

ಸಂಜೆ ಒಂದು ಬ್ರೆಡ್ಡು, ನಾಲ್ಕು ಜ್ವರದ ಮಾತ್ರೆ ತಗೊಂಡು ಹೋದೆ. ಬಾಗಿಲಲ್ಲಿ ಅವಳ ತಾಯಿ ನಿಂತಿದ್ದರು. ಜ್ವರ ಯಾರಿಗಮ್ಮ ಅಂತ ಕೇಳಿದೆ.

"ಪುರುಗುಲಕಮ್ಮಾ" ಅಂದರು ಆಕೆ.

ಆ ಮನೆಯ ಮಾತು ತೆಲುಗು, ನನಗೆ ಒಂದಕ್ಷರ ಬಾರದು. ಪುರುಗುಲು ಅನ್ನೋದು ಯಾವುದೋ ಕೂಸಿನ ಹೆಸರು ಅಂದುಕೊಂಡೆ. "ಅಯ್ಯೋ ಪಾಪ, ಎಲ್ಲಿ ಮಲಗಿಸಿದ್ದೀರಿ ಮಗೂನ?" ಅಂತ ಒಳಗೇ ನುಗ್ಗಿದೆ. ಒಳಗೆ ಗೋಡೆಯಿಂದ ಗೋಡೆಗೆ ಬಿದಿರು ತಟ್ಟೆಗಳು, ತಟ್ಟೆ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಬೆರಳುದ್ದದ ಬಿಳೀ ಹುಳ. ಆಂಜಿನಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಬಿಡಿಸಿ ಹೇಳಿದಳು. "ಹುಳಕ್ಕೆ ಮಿಸ್. ಪೊರೆ ಬಿಡಕ್ಕೆ ಮೇವು ನಿಲ್ಸಿ ಮಲಗ್ತವಲ್ಲ, ಅದಕ್ಕೆ ಜ್ವರ ಅಂತೀವಿ. ನಾಲ್ಕು ಸಲ ಮಲಗಿ ಏಳ್ತವೆ. ನಾಲ್ಕನೇದು ಎದ್ದ ಮೇಲೆ ಏನು ಹಸಿವು ಅಂತೀರ, ಎಂಟು ದಿನ ಹಾಕಿದಷ್ಟೂ ತಿಂತವೆ. ಮನೇರೆಲ್ಲ ಸೊಪ್ಪು ಕೊಯ್ಯಕ್ಕೆ ಬೇಕು."

ನಾನು ಬ್ರೆಡ್ಡು ಹಿಡ್ಕೊಂಡು ನಿಂತಿದ್ದೆ. ತಾಯಿ ಸೆರಗು ಬಾಯಿಗೆ ಇಟ್ಟುಕೊಂಡು ನಗ್ತಾ ಕಣ್ಣೊರೆಸಿಕೊಂಡರು. ಆಂಜಿನಮ್ಮನ ತಂಗಿ ವೆಂಕಟಲಕ್ಷ್ಮಿ ಅಂತ ಐದಾರು ವರ್ಷದ್ದು, ನನ್ನ ತೊಡೆ ಮೇಲೆ ಬಂದು ಕೂತು ಇಡೀ ಬ್ರೆಡ್ಡನ್ನ ಮುಗಿಸಿತು. ಮಾರನೇ ದಿನದಿಂದ ಊರಲ್ಲೆಲ್ಲ ನನ್ನ ಹೆಸರು ಜ್ವರದ ಮಿಸ್ಸು. ಅಮೀರ್ ಜಾನ್ ಅವರನ್ನ ಒಂದು ವಾರ ಮಾತಾಡಿಸಲಿಲ್ಲ.

ಹೊರಡುವಾಗ ಆಂಜಿನಮ್ಮ ಸಣ್ಣ ದನಿಯಲ್ಲಿ ಹೇಳಿದಳು. "ಈ ಎಂಟು ದಿನದಲ್ಲಿ ಬೀಜಗಣಿತ ಹೋಗ್ಬಿಡ್ತದೆ ಮಿಸ್. ಮುಂದಿನ ಬೆಳೆಗೆ ಮತ್ತೆ ಎಂಟು ದಿನ. ಬೆಳಿಗ್ಗೆ ಸೊಪ್ಪು ಹಾಕಿದ್ಮೇಲೆ ಏಳರಿಂದ ಎಂಟೂವರೆ ತನಕ ಬಿಡುವು ಇರ್ತದೆ, ಅಷ್ಟೊತ್ತಿಗೆ ಸ್ಕೂಲೇ ತೆಗ್ದಿರಲ್ಲ." ಹಾಗಾದರೆ ಏಳಕ್ಕೆ ನಾನು ಬರ್ತೀನಿ, ಬಾ ಅಂದೆ. ಈಗಿನವರು ಅದಕ್ಕೆ ಪ್ರೇರಣೆ, ಸ್ಫೂರ್ತಿ ಅಂತ ಹೆಸರಿಡ್ತಾರೆ. ನನಗೆ ಆಗ ಇದ್ದದ್ದು ಬರೀ ನಾಚಿಕೆ. ಪೇಟೆಯಿಂದ ಬಂದ ಪೆದ್ದಿ ಅನ್ನೋ ಹೆಸರನ್ನ ಹೇಗಾದರೂ ತೊಳ್ಕೋಬೇಕಿತ್ತು.

ಆಗ ಹೆಡ್ಮೇಷ್ಟ್ರಾಗಿದ್ದವರು ನಂಜುಂಡಯ್ಯನವರು. ಅವರನ್ನ ದೇವರು ಮಾಡೋದು ನನಗೆ ಇಷ್ಟವಿಲ್ಲ. ನಶ್ಯ ಸೇದೋರು, ಸೇದಿದ ಬೆರಳನ್ನ ಹಾಜರಿ ಪುಸ್ತಕಕ್ಕೇ ಒರೆಸೋರು. ಸದಾ ಗಂಟುಮೋರೆ. ಯಾರು ಏನು ಮಾಡಿದರೂ ಭೇಷ್ ಅಂದ ಚರಿತ್ರೆ ಇಲ್ಲ. ಅವರ ಮುಂದೆ ನಿಂತು, ಬೆಳಿಗ್ಗೆ ಏಳಕ್ಕೆ ಹುಳದ ಮನೆ ಮಕ್ಕಳಿಗೆ ಕ್ಲಾಸು ತಗೋತೀನಿ ಸಾರ್ ಅಂತ ಹೆಮ್ಮೆಯಿಂದ ಹೇಳಿದೆ. ಹೊಗಳ್ತಾರೆ ಅಂತ ಕಾದೆ.

"ಏಳಕ್ಕೆ ಗೇಟು ತೆಗೀಬೇಕಾ?"

"ಹೌದು ಸಾರ್."

"ಹ್ಞೂಂ" ಅಂದು ನಶ್ಯದ ಡಬ್ಬಿ ತೆಗೆದರು. ಅಷ್ಟೇ.

ಮಾರನೇ ದಿನ ನಾನು ಮನೆ ಮಾಡಿದ್ದ ಶಿಡ್ಲಘಟ್ಟದಿಂದ ಮೊದಲನೇ ಬಸ್ಸು ಹಿಡಿದು ಬಂದಾಗ ಏಳಕ್ಕೆ ಹತ್ತು ನಿಮಿಷ ಇತ್ತು. ಗೇಟು ತೆಗೆದಿತ್ತು. ಬೋರ್ಡು ಒದ್ದೆ ಬಟ್ಟೆಯಲ್ಲಿ ಒರೆಸಿತ್ತು. ಮೇಜಿನ ಮೇಲೆ ಎರಡು ಚಾಕ್‌ಪೀಸು. ಹೆಡ್ಮೇಷ್ಟ್ರು ಪಂಚೆಯಲ್ಲೇ ಜಗಲಿ ಮೇಲೆ ಕೂತು ಹಲ್ಲುಜ್ಜುತ್ತಿದ್ದರು. ನನ್ನನ್ನ ನೋಡಿಯೂ ನೋಡದ ಹಾಗೆ ಎದ್ದು ಹೋದರು. ಅವರು ಅಲ್ಲಿದ್ದ ಏಳೆಂಟು ವರ್ಷ ಆ ಗೇಟು ಒಂದು ದಿನವೂ ಏಳರ ಮೇಲೆ ತೆಗೆದದ್ದಿಲ್ಲ.

ಒಂದು ವಾರ ಕಳೆದ ಮೇಲೆ ವೇಳಾಪಟ್ಟಿ ಬದಲಾಯಿತು. ಹತ್ತು ಗಂಟೆಯ ಮೊದಲನೇ ಪೀರಿಯಡ್ಡು ನನಗೆ ಬಿಡುವು. ಯಾಕೆ ಅಂತ ಯಾರೂ ಹೇಳಲಿಲ್ಲ, ಕೇಳೋ ಧೈರ್ಯ ನನಗಿರಲಿಲ್ಲ. ಆ ಪೀರಿಯಡ್ಡನ್ನ ಅವರೇ ತಗೊಂಡಿದ್ದರು ಅಂತ ತಡವಾಗಿ ಗೊತ್ತಾಯಿತು.

ಇನ್ನೊಂದು ಸಂಗತಿ ಹೇಳ್ತೀನಿ, ಮುಜುಗರ ಪಡೋರು ಪುಟ ಮಗುಚಿಕೊಳ್ಳಿ. ಆ ಶಾಲೆಗೆ ಒಂದು ಕಕ್ಕಸಿತ್ತು, ಅದಕ್ಕೊಂದು ಬಾಗಿಲಿತ್ತು, ಬಾಗಿಲಿಗೆ ಚಿಲಕ ಇರಲಿಲ್ಲ. ಗಂಡಸರಿಗೆ ಬಯಲಿತ್ತು. ನಾನು ಬೆಳಿಗ್ಗೆಯಿಂದ ಸಂಜೆ ಬಸ್ಸು ಹತ್ತೋ ತನಕ ಒಂದು ತೊಟ್ಟು ನೀರು ಕುಡೀತಿರಲಿಲ್ಲ. ಒಂದು ದಿನ ನಂಜುಂಡಯ್ಯನವರು ನನ್ನ ನೀರಿನ ಬಾಟಲಿ ನೋಡಿ, "ತುಂಬ್ಕೊಂಡು ಬಂದದ್ದನ್ನ ಹಂಗೇ ತುಂಬ್ಕೊಂಡು ಹೋಗ್ತೀಯಲ್ಲಮ್ಮ, ನೀರು ಕುಡಿಯಲ್ವಾ?" ಅಂದರು. ಬಾಯಾರಿಕೆ ಆಗಲ್ಲ ಸಾರ್ ಅಂದೆ. ಸೋಮವಾರ ಬಂದರೆ ಬಾಗಿಲಿಗೆ ಒಳಗಿನಿಂದ ಹೊಸ ಚಿಲಕ, ಪಕ್ಕದಲ್ಲಿ ಬಕೆಟ್ಟು, ಚೆಂಬು. ಸ್ಕ್ರೂಗಳು ಸೊಟ್ಟಕ್ಕೆ ಕೂತಿದ್ದವು, ಬಡಗಿಯ ಕೈಯಲ್ಲ ಅಂತ ನೋಡಿದರೇ ತಿಳೀತಿತ್ತು. ನನ್ನಿಂದ ಹೆಚ್ಚು ಕೆಲಸ ತೆಗೆಸಿದ್ದು ಯಾರ ಭಾಷಣ ಅಂತ ಯಾರಾದರೂ ಕೇಳಿದರೆ ಆ ಸೊಟ್ಟ ಚಿಲಕ ಅಂತೀನಿ. ತರಬೇತಿಯವರಿಗೆ ಇದನ್ನ ಹೇಳಿದ್ದರೆ ಬೋರ್ಡಿನ ಮೇಲೆ ಎಲ್ಲಿ ಬರೆಯೋದು ಅಂತ ತಿಳೀದೆ ಒದ್ದಾಡೋರು.

ಒಮ್ಮೆ ಇನ್ಸ್‌ಪೆಕ್ಟರು ಬಂದು ನನ್ನ ಪಾಠ ಟಿಪ್ಪಣಿ ಪುಸ್ತಕ ಕೇಳಿದರು. ಮೂರು ವಾರದಿಂದ ಬರೆದಿರಲಿಲ್ಲ. ಅವರು ಕೆಂಪು ಪೆನ್ನು ತೆಗೆದದ್ದೇ ನಂಜುಂಡಯ್ಯನವರು, "ಆಯಮ್ಮ ಪಾಠ ಮಾಡ್ತಾ ಇದ್ರು ಸ್ವಾಮಿ, ಬರಿಯಕ್ಕೆ ಹೊತ್ತಾಗ್ಲಿಲ್ಲ. ಬರೀದೇ ಇದ್ದದ್ದು ನನ್ನ ತಪ್ಪು ಅಂತ ಬರ್ಕೊಳ್ಳಿ" ಅಂದರು. ಇನ್ಸ್‌ಪೆಕ್ಟರು ಹಾಗೇ ಬರ್ಕೊಂಡರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಬರ್ದ್ ಹಾಕಮ್ಮ ಅದನ್ನ, ಏನು ಸೋಮಾರಿ ನೀನು" ಅಂತ ಬೈದರು.

ಹೀಗೆ ನಡೀತಾ ಕ್ಲಾಸು ದೊಡ್ಡದಾಯಿತು. ವಿಜ್ಞಾನದವರು ಬಂದರು. ಅಮೀರ್ ಜಾನ್ ಕೂಡ ಬಂದರು. ಹೆಡ್ಮೇಷ್ಟ್ರ ಮನೆಯಿಂದ ಎಂಟೂವರೆಗೆ ಬರೋ ಕಾಫಿಗೆ ಬರ್ತೀನಿ, ಪಾಠ ಅದರ ಜೊತೆಗೆ ಫ್ರೀ ಅನ್ನೋರು. ಯಾರಿಗೂ ಯಾರೂ ಹೇಳಿರಲಿಲ್ಲ. ಮಕ್ಕಳು ಅದಕ್ಕೆ ನಾಲ್ಕನೇ ಜ್ವರದ ಕ್ಲಾಸು ಅಂತ ಹೆಸರಿಟ್ಟರು. ಆಂಜಿನಮ್ಮ ಒಂದೇ ಏಟಿಗೆ ಎಸ್ಸೆಸ್ಸೆಲ್ಸಿ ಪಾಸಾದಳು, ಟಿ.ಸಿ.ಎಚ್. ಮುಗಿಸಿ ಚಿಂತಾಮಣಿ ಕಡೆ ಪ್ರೈಮರಿ ಸ್ಕೂಲಿಗೆ ಟೀಚರಾಗಿ ಹೋದಳು. ಆ ಸುದ್ದಿ ಕೇಳಿ ನಂಜುಂಡಯ್ಯನವರು ಅಂದದ್ದು ಇಷ್ಟು: "ಹ್ಞೂಂ."

ಅವರು ನಿವೃತ್ತರಾದರು. ತೊಂಬತ್ತರ ಹೊಸ್ತಿಲಲ್ಲಿ ಕೃಷ್ಣಮೂರ್ತಿಯವರು ಬಂದರು. ಇಸ್ತ್ರಿ ಮಾಡಿದ ಸಫಾರಿ, ಜೇಬಲ್ಲಿ ಮೂರು ಬಣ್ಣದ ಪೆನ್ನು, ಬಾಯಿ ತುಂಬ ನಗು. ಬಂದ ಮೊದಲನೇ ವಾರವೇ ಬೆಳಗಿನ ಕ್ಲಾಸು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಪ್ರಾರ್ಥನೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ತ್ಯಾಗ, ಬಲಿದಾನ ಅಂತ ಅರ್ಧ ಗಂಟೆ ಮಾತಾಡಿ ಶಾಲು ಹೊದಿಸಿದರು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಸಂತೋಷವಾಯಿತು. ಏಳೆಂಟು ವರ್ಷ ಹ್ಞೂಂ ಕೇಳಿ ಕೇಳಿ ಕಿವಿ ಬತ್ತಿತ್ತು. ಆ ಶಾಲನ್ನ ಮನೆಯಲ್ಲಿ ಎರಡು ಸಲ ಹೊದ್ದು ನೋಡ್ಕೊಂಡೆ.

ಶಾಲಿನ ಹಿಂದೆಯೇ ರಿಜಿಸ್ಟರು ಬಂತು. ಉದ್ದನೆಯದು, ಕೆಂಪು ಬಟ್ಟೆಯ ಬೆನ್ನು, ಹೊರಗಡೆ ಅಂದದ ಅಕ್ಷರದಲ್ಲಿ "ಸ್ವಇಚ್ಛಾ ತರಗತಿ ವಹಿ". ಕ್ರಮಸಂಖ್ಯೆ, ಬಂದ ಸಮಯ, ಹೋದ ಸಮಯ, ಪಾಠ, ಹಾಜರಿ, ಗೈರು, ಗೈರಿಗೆ ಕಾರಣ, ಷರಾ, ಸಹಿ. ಅಮೀರ್ ಜಾನ್ ಅವತ್ತೇ ಅವರಿಗೆ ಕಾಲಂ ಕೃಷ್ಣಮೂರ್ತಿ ಅಂತ ನಾಮಕರಣ ಮಾಡಿದರು.

ಆಮೇಲೆ ಎಲ್ಲ ಮೇಷ್ಟ್ರುಗಳ ಕೈಗೂ ಒಂದೊಂದು ಕಾಗದ ಬಂತು. ಟೈಪ್ ಮಾಡಿ ರೆಡಿ ಇತ್ತು, ಸಹಿ ಹಾಕೋದಷ್ಟೇ ಬಾಕಿ. "ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ, ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ತರಗತಿ ತೆಗೆದುಕೊಳ್ಳಲು ಒಪ್ಪಿರುತ್ತೇನೆ."

"ಸಹಿ ಹಾಕ್ಲಿಲ್ಲಾಂದ್ರೆ?" ಅಂತ ಕೇಳಿದೆ.

"ಒತ್ತಾಯ ಇಲ್ಲ ಅಂತ ಬರ್ದು ಕೊಡ್ಲೇಬೇಕಂತೆ ಮೇಡಂ" ಅಂದರು ಅಮೀರ್ ಜಾನ್.

ಎಲ್ಲರೂ ಹಾಕಿದರು. ಪಿ.ಟಿ. ಮೇಷ್ಟ್ರೂ ಹಾಕಿದರು, ಪಾಪ, ಏಳು ಗಂಟೆಗೆ ಬಂದು ಏನು ಮಾಡಬೇಕು ಅಂತ ಅವರಿಗೆ ಕೊನೆಯ ತನಕ ಯಾರೂ ಹೇಳಲಿಲ್ಲ. ಗೇಟಿನ ಪಕ್ಕ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದರು: "ಇಲ್ಲಿ ಶಿಕ್ಷಕರು ಸ್ವಇಚ್ಛೆಯಿಂದ ದುಡಿಯುತ್ತಾರೆ". ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನನ್ನ ಬಿಡುವಿನ ಪೀರಿಯಡ್ಡು ಹೋಯಿತು, ಎಲ್ಲರಿಗೂ ಸಮಾನ ನ್ಯಾಯ ಅಂತ. ಕಕ್ಕಸಿಗೆ ಹೊರಗಿನಿಂದ ಬೀಗ ಬಿತ್ತು, ಮೇಲಧಿಕಾರಿಗಳು ಬಂದಾಗ ಶುಚಿಯಾಗಿ ಇರಬೇಕಂತೆ. ನಾನು ಮತ್ತೆ ನೀರು ಬಿಟ್ಟೆ.

ಗೈರಿಗೆ ಕಾರಣ ಅನ್ನೋ ಕಾಲಂನಲ್ಲಿ ಮಕ್ಕಳು ಕೊಟ್ಟ ಕಾರಣ ಬರೆದೆವು: ಜ್ವರ, ಜ್ವರ, ಜ್ವರ. ಸಾರ್, ಇದು ಹುಳದ ಜ್ವರ ಅಂತ ನಾನೇ ಬಾಯಿ ಬಿಟ್ಟು ಹೇಳಿದೆ. ಅವರು ನನ್ನ ಮುಖ ನೋಡದೆ ಕಾಲಂ ಎಣಿಸುತ್ತಿದ್ದರು. ಮಕ್ಕಳ ಬಗ್ಗೆ ತಮಗಿರೋ ಕಾಳಜಿ ತೋರಿಸೋಕೆ ಮೇಲಕ್ಕೆ ಒಂದು ಪತ್ರ ಬರೆದರು. ನಾಲ್ಕನೇ ದಿನ ಆರೋಗ್ಯದವರು ಜೀಪಿನಲ್ಲಿ ಬಂದಿಳಿದರು, ಬೆರಳು ಚುಚ್ಚಿ ರಕ್ತ ತಗೊಳ್ಳೋ ಸೂಜಿ ಒಂದು ಕೈಯಲ್ಲಿ, ಸೊಳ್ಳೆ ಔಷಧಿ ಹೊಡೆಯೋ ಪಂಪು ಇನ್ನೊಂದು ಕೈಯಲ್ಲಿ. ಆ ಔಷಧಿಯ ಗಾಳಿ ಸೋಕಿದರೂ ರೇಷ್ಮೆ ಹುಳ ಸಾಯುತ್ತೆ. ಊರ ಹೆಂಗಸರು ಸೊಪ್ಪು ಕೊಯ್ಯೋ ಕುಡುಗೋಲು ಹಿಡಿದೇ ಬಂದು ಬೀದಿಗೆ ಅಡ್ಡ ನಿಂತರು. ಎಲ್ಲರಿಗಿಂತ ಮುಂದೆ ಆಂಜಿನಮ್ಮನ ತಾಯಿ. ಪಂಪಿನವರು ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂದಿರುಗಿದರು. ಕೃಷ್ಣಮೂರ್ತಿಯವರು ಷರಾ ಕಾಲಂನಲ್ಲಿ "ಗ್ರಾಮಸ್ಥರ ಅಸಹಕಾರ" ಅಂತ ಬರೆದುಕೊಂಡರು.

ಆ ಹೊತ್ತಿಗೆ ಬ್ರೆಡ್ಡು ತಿಂದಿದ್ದ ವೆಂಕಟಲಕ್ಷ್ಮಿ ಎಸ್ಸೆಸ್ಸೆಲ್ಸಿಗೆ ಬಂದಿದ್ದಳು. ಅಕ್ಕನಷ್ಟು ಚುರುಕಲ್ಲ, ಆದರೆ ಹಿಡಿದದ್ದನ್ನ ಬಿಡೋಳಲ್ಲ. ಒಂದು ಲೆಕ್ಕ ತಪ್ಪಿದರೆ ಅದನ್ನೇ ನಾಲ್ಕು ಸಲ ಮಾಡೋಳು. ಪಂಪಿನ ಜಗಳ ಆದಮೇಲೆ ತಾಯಿ ಸೊಂಟ ನೋವು ಬಂದು ಕೂತಿದ್ದರು, ಅಕ್ಕ ದೂರ. ಹುಳದ ಮನೆ ಪೂರ್ತಿ ಇವಳ ತಲೆ ಮೇಲೆ. ಅಪ್ಪ ಖಡಾಖಂಡಿತ ಹೇಳಿದ್ದರು: ಒಂದೇ ಏಟಿಗೆ ಪಾಸಾದರೆ ಅಕ್ಕನ ಹಾಗೆ ಓದು, ಇಲ್ಲ ಅಂದರೆ ಬಂದ ಸಂಬಂಧಕ್ಕೆ ಕೊಡ್ತೀನಿ. ಎರಡನೇ ಸಲ ಕಟ್ಟೋ ಮಾತಿಲ್ಲ. ಉಳಿದ ವಿಷಯಗಳನ್ನ ಹೇಗೋ ದಾಟುತ್ತಾಳೆ ಅಂತ ನಮಗೆಲ್ಲ ಗೊತ್ತಿತ್ತು. ಗಣಿತ ಅವಳು ದಾಟಬೇಕಾದರೆ ಬೆಳಗಿನ ಕ್ಲಾಸು ಬೇಕು ಅಂತಲೂ ಗೊತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು.

ಜನವರಿಯಲ್ಲಿ ಒಂದು ದಿನ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇಳಿದು ನಡೆದೆ, ಒಂದು ಸೊಪ್ಪಿನ ಗಾಡಿ ಹತ್ತಿದೆ, ಏಳೂಮುಕ್ಕಾಲಿಗೆ ತಲುಪಿದೆ. ಮಕ್ಕಳು ಕಾದಿದ್ದರು. ಒಂಬತ್ತರ ತನಕ ಪಾಠ ಮಾಡಿದೆ. ರಿಜಿಸ್ಟರು ಮಾತ್ರ ಏಳೂ ಹತ್ತಕ್ಕೆ ಹೆಡ್ಮೇಷ್ಟ್ರ ರೂಮಿನೊಳಗೆ ಹೋಗಿತ್ತು. ಮಧ್ಯಾಹ್ನ ಜವಾನನ ಕೈಯಲ್ಲಿ ನೋಟೀಸು ಬಂತು: "ತಾವು ಸ್ವಇಚ್ಛಾ ತರಗತಿಗೆ ಸ್ವಇಚ್ಛೆಯಿಂದ ಹಾಜರಾಗದೆ ಕರ್ತವ್ಯಲೋಪ ಎಸಗಿರುತ್ತೀರಿ. ಸ್ವಇಚ್ಛೆಯಿಂದ ಹಾಜರಾಗದಿರಲು ಕಾರಣವೇನೆಂದು ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

ನನ್ನ ಮೈಯೆಲ್ಲ ಉರಿಯಿತು. ಮೂರು ದಿನ ಯಾಕೆ, ಮೂರು ನಿಮಿಷವೂ ಬೇಕಾಗಲಿಲ್ಲ. ಅದೇ ಕಾಗದದ ಕೆಳಗೆ ಎರಡೇ ಪದ ಬರೆದೆ.

"ಇಚ್ಛೆ ಇರಲಿಲ್ಲ."

ಸಹಿ ಹಾಕಿ ಅದೇ ಜವಾನನ ಕೈಯಲ್ಲಿ ವಾಪಸ್ಸು ಕಳಿಸಿದೆ. ಸ್ಟಾಫ್ ರೂಮಿನಲ್ಲಿ ಅಮೀರ್ ಜಾನ್ ಎದ್ದು ನಿಂತು ಸಲಾಮು ಹೊಡೆದರು. ಕೃಷ್ಣಮೂರ್ತಿಯವರ ಹತ್ತಿರ ಅದನ್ನ ಹಾಕೋಕೆ ಯಾವ ಕಾಲಂ ಕೂಡ ಇರಲಿಲ್ಲ. ಒಂದು ವಾರದಲ್ಲಿ ಈ ಮಾತು ಚಿಂತಾಮಣಿ ದಾಟಿ ಗೌರಿಬಿದನೂರು ಮುಟ್ಟಿತು. ಎಲ್ಲೋ ತೊಂಡೇಬಾವಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯ್ತಿದ್ದಾಗ ಗುರುತಿಲ್ಲದ ಮೇಷ್ಟ್ರೊಬ್ಬರು, "ಇಚ್ಛೆ ಇರಲಿಲ್ಲ ಅಂದ ಸುಶೀಲಮ್ಮ ನೀವೇನಾ?" ಅಂತ ಕೈ ಮುಗಿದರು. ನಾನು ಉಬ್ಬಿಹೋದೆ. ಕಥೆಯನ್ನ ಯಾವಾಗಲೂ ಇಲ್ಲಿಗೇ ನಿಲ್ಲಿಸ್ತಿದ್ದೆ.

ಉಳಿದದ್ದು ಹೀಗೆ. ಉತ್ತರ ಬರೆದ ಸಂಜೆಯೇ ಮೇಷ್ಟ್ರುಗಳೆಲ್ಲ ಸೇರಿ, ಇನ್ನು ಹತ್ತಕ್ಕೆ ಬರೋದು, ನಾಲ್ಕೂವರೆಗೆ ಹೋಗೋದು, ಒಂದು ನಿಮಿಷ ಹೆಚ್ಚು ಬೇಡ ಅಂತ ತೀರ್ಮಾನ ಮಾಡಿದೆವು. ಹೆಡ್ಮೇಷ್ಟ್ರಿಗೆ ಬುದ್ಧಿ ಕಲಿಸಬೇಕಿತ್ತು. ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಮೊದಲನೇ ಬಸ್ಸಿಗೆ ಏಳೋದು ತಪ್ಪಿತು, ನಾನು ಸುಖವಾಗಿ ನಿದ್ದೆ ಮಾಡಿದೆ.

ಮಾರನೇ ದಿನವೋ ಆಚೆ ದಿನವೋ ವೆಂಕಟಲಕ್ಷ್ಮಿ ವರಾಂಡದಲ್ಲಿ ನಿಲ್ಲಿಸಿದಳು.

"ಮಿಸ್, ನಾಳೆ ಬೆಳಿಗ್ಗೆ ಬರ್ತೀರಾ?"

"ಹೆಡ್ಮೇಷ್ಟ್ರನ್ನ ಕೇಳ್ಕೋ ಹೋಗಮ್ಮ."

"ಅವ್ರು ಲೆಕ್ಕ ಹೇಳ್ಕೊಡಲ್ವಲ್ಲ ಮಿಸ್" ಅಂದಳು. ಅವಳು ಕುಹಕ ಆಡಲಿಲ್ಲ, ಇದ್ದದ್ದನ್ನ ಹೇಳಿದಳು. ನಾನು ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಹೋದೆ.

ಫೆಬ್ರವರಿಯಲ್ಲಿ ಅವಳಿಂದ ರಜಾಚೀಟಿ ಬಂತು, ನಾಲ್ಕನೇ ಜ್ವರ ಎದ್ದಿದೆ ಅಂತ. ಎಂಟು ದಿನ ಹೋಯಿತು. ಆ ಎಂಟು ದಿನದಲ್ಲಿ ವೃತ್ತದ ಪ್ರಮೇಯಗಳನ್ನ ಮುಗಿಸಿದೆ, ವೇಳಾಪಟ್ಟಿಯ ಪ್ರಕಾರ, ಹತ್ತರಿಂದ ನಾಲ್ಕೂವರೆಯೊಳಗೆ. ಯಾರೂ ನನ್ನ ಮೇಲೆ ಬೆರಳು ತೋರಿಸೋ ಹಾಗಿರಲಿಲ್ಲ.

ಫಲಿತಾಂಶ ಬಂತು. ವೆಂಕಟಲಕ್ಷ್ಮಿ ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಫೇಲು. ಕೃಷ್ಣಮೂರ್ತಿಯವರು ಅದಕ್ಕೂ ಒಂದು ನಮೂನೆ ತುಂಬಿದರು. ಅನುತ್ತೀರ್ಣಕ್ಕೆ ಕಾರಣ: "ವಿದ್ಯಾರ್ಥಿನಿಯ ಅನಾಸಕ್ತಿ". ಆ ವರ್ಷವೇ ಅವರಿಗೆ ಎಲ್ಲೋ ಒಂದು ಸನ್ಮಾನವೂ ಆಯಿತು. ಸ್ವಇಚ್ಛಾ ತರಗತಿ ವಹಿಯನ್ನ ಜನವರಿಯಿಂದ ಮಾರ್ಚಿನ ತನಕ ಬಿಡದೆ ತುಂಬಿದ್ದರಂತೆ, ನಮ್ಮ ಸಹಿಗಳ ಜಾಗದಲ್ಲಿ "ಪರವಾಗಿ" ಅಂತ ಹಾಕಿಕೊಂಡು. ಅಂಥ ಅಪ್ಪಟ ಅಯೋಗ್ಯ ಇನ್ನೊಬ್ಬನನ್ನ ನನ್ನ ಇಡೀ ಸರ್ವೀಸಿನಲ್ಲಿ ನೋಡ್ಲಿಲ್ಲ. ಅವರನ್ನ ಬೈದುಕೊಂಡೇ ಸ್ಟಾಫ್ ರೂಮಿಗೆ ಬಂದೆ. ಅಮೀರ್ ಜಾನ್ ಒಬ್ಬರೇ ಕೂತಿದ್ದರು, ತಲೆ ಎತ್ತಲಿಲ್ಲ.

"ಆ ಹುಡುಗಿ ದಿನಾ ಬರ್ತಿತ್ತು ಮೇಡಂ" ಅಂದರು.

"ಎಲ್ಲಿಗೆ?"

"ಬೆಳಿಗ್ಗೆ ಏಳಕ್ಕೆ. ಗೇಟು ಹಾಕಿರ್ತಿತ್ತಲ್ಲ, ಹೊರಗಡೆ ಮೆಟ್ಲ ಮೇಲೆ ಕೂತು ತಾನೇ ಲೆಕ್ಕ ಮಾಡ್ಕೊಳೋದು. ಎಂಟೂವರೆಗೆ ಎದ್ದು ಹೋಗೋದು. ನಾನು ಹಾಲಿಗೆ ಹೋಗೋವಾಗ ನೋಡ್ತಿದ್ದೆ. ಒಂದು ತಿಂಗಳು ಬಂತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬಂದ್ಬಿಡ್ತಿದ್ರಿ. ಒಗ್ಗಟ್ಟು ಮುರ್ದು ಹೋಗ್ತಿತ್ತು."

ಅವರ ಮೇಲೆ ರೇಗಬೇಕು ಅನ್ನಿಸಿತು. ಆಗಲಿಲ್ಲ. ಆ ಹುಡುಗಿ ಬರ್ತಾಳೆ ಅಂತ ನಾನೇ ಊಹಿಸಬಹುದಿತ್ತು. ತಪ್ಪಿದ ಲೆಕ್ಕವನ್ನ ನಾಲ್ಕು ಸಲ ಮಾಡೋ ಹುಡುಗಿ ಅವಳು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಅಂತಾರೆ. ನಾನು ಕೊಯ್ದದ್ದು ನನ್ನ ಮೂಗನ್ನೂ ಅಲ್ಲ, ಬೇರೆಯವರದ್ದನ್ನ. ಕೆಲಸಕ್ಕೆ ಹೊಸದಾಗಿ ಸೇರಿರೋ ಮಕ್ಕಳೇ, ಕೆಟ್ಟ ಹೆಡ್ಮೇಷ್ಟ್ರು ನಿಮಗೂ ಸಿಗ್ತಾರೆ, ಒಬ್ಬರಲ್ಲ ನಾಲ್ವರು ಸಿಗ್ತಾರೆ. ಅವರ ಮುಖಕ್ಕೆ ಹೊಡೆದ ಹಾಗೆ ಬರೆದುಕೊಡಿ, ನಾನು ಬೇಡ ಅನ್ನಲ್ಲ. ಬರೆದುಕೊಟ್ಟು ಮಾರನೇ ದಿನ ಏಳಕ್ಕೆ ಹೋಗಿ. ಗೇಟು ಹಾಕಿದ್ದರೆ ಮೆಟ್ಟಿಲ ಮೇಲೆ ಕೂತು ಪಾಠ ಮಾಡಿ. ರಿಜಿಸ್ಟರಿಗೆ ಸಹಿ ಹಾಕದೆ ಪಾಠ ಮಾಡಬಹುದು ಅನ್ನೋ ಸಣ್ಣ ಬುದ್ಧಿ ನನಗೆ ಹೊಳೀಲಿಲ್ಲ, ಏಳೆಂಟು ಜನ ಓದಿದವರಿದ್ದೆವು, ಒಬ್ಬರಿಗೂ ಹೊಳೀಲಿಲ್ಲ.

ಅಮೀರ್ ಜಾನ್ ಹಾಗೆ ಹೇಳಿದ ಸಂಜೆಯೇ ವೆಂಕಟಲಕ್ಷ್ಮಿಯ ಮನೆಗೆ ಹೋದೆ. ಹತ್ತು ವರ್ಷದ ಹಿಂದೆ ಬ್ರೆಡ್ಡು ಹಿಡಿದು ನಿಂತಿದ್ದ ಬಾಗಿಲು. ಸೆಪ್ಟೆಂಬರಿನಲ್ಲಿ ಮತ್ತೆ ಕಟ್ಟಲಿ, ದಿನಾ ನಾನೇ ಮನೆಗೆ ಬಂದು ಹೇಳಿಕೊಡ್ತೀನಿ ಅಂದೆ. ಅವಳ ಅಪ್ಪ ಸಮಾಧಾನದಿಂದಲೇ ಮಾತಾಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಮಾತು ಕೊಟ್ಬಿಟ್ಟಿದ್ದೀವಮ್ಮ. ಬಾಗೇಪಲ್ಲಿ ಕಡೇರು, ಒಳ್ಳೇ ಜನ. ನೀವು ದೊಡ್ಡೋಳಿಗೆ ಮಾಡಿದ್ದು ನಾವು ಮರಿಯಲ್ಲ. ಚಿಕ್ಕೋಳ ಹಣೇಬರಹದಲ್ಲಿ ಇರ್ಲಿಲ್ಲ ಅಷ್ಟೇ."

ತಾಯಿ ಮಂಚದ ಮೇಲಿಂದಲೇ ಕಾಫಿ ಕೊಡೆ ಅಂತ ಮಗಳಿಗೆ ಕೂಗಿ ಹೇಳಿದರು. ವೆಂಕಟಲಕ್ಷ್ಮಿ ಲೋಟ ತಂದು ಕೈಗೆ ಕೊಟ್ಟು, ತಟ್ಟೆಗಳ ಹತ್ತಿರ ಹೋಗಿ ಸೊಪ್ಪು ಹರಡೋಕೆ ನಿಂತಳು. ಅವಳ ಹಿಂದೆಯೇ ಹೋದೆ.

"ಒಂದು ಮಾತು ಕೇಳ್ಲಾ ಮಿಸ್?" ಅಂದಳು, ಕೈ ನಿಲ್ಲಿಸದೆ. "ಕ್ಲಾಸು ಯಾಕೆ ನಿಲ್ಸಿದ್ರಿ?"

ಅದೇ ಪ್ರಶ್ನೆ. ನೋಟೀಸಿನಲ್ಲಿ ಹೆಡ್ಮೇಷ್ಟ್ರು ಕೇಳಿದ್ದೂ ಇದನ್ನೇ. ಅವರಿಗೆ ಎರಡು ಪದದಲ್ಲಿ ಉತ್ತರ ಬರೆದು ಮೂರು ತಾಲ್ಲೂಕಿನಲ್ಲಿ ಹೆಸರು ಮಾಡಿದವಳು ನಾನು. ಆ ಎರಡು ಪದವನ್ನ ಇವಳಿಗೆ ಹೇಳೋಕೆ ನನ್ನ ನಾಲಿಗೆ ಏಳಲಿಲ್ಲ. ಬಾಯಿಗೆ ಬಂದದ್ದು ಒಂದು ಸುಳ್ಳು.

"ನಂಗೆ ಜ್ವರ ಬಂದಿತ್ತಮ್ಮ" ಅಂದೆ.

ಅವಳು ತಿರುಗಿ ನನ್ನನ್ನ ನೋಡಿದಳು. ನಗಲಿಲ್ಲ, ಅಳಲಿಲ್ಲ.

"ಎಷ್ಟನೇದು ಮಿಸ್?" ಅಂತ ಕೇಳಿದಳು. ಕೇಳಿ, ಮುಂದಿನ ತಟ್ಟೆಗೆ ಸೊಪ್ಪು ಹಾಕೋಕೆ ಹೋದಳು.